ಟ್ರಾಲಿಗೆ ಸಿಲ್ವರ್ ಓಕ್ ಮರದ ದಿಮ್ಮಿ ಹತ್ತಿಸುವಾಗ ಕೈ ವಿಂಚ್ ಬ್ರೇಕ್ ಹಿಡಿಯುತ್ತಿಲ್ಲ, ದಿಮ್ಮಿ ಅರ್ಧದಿಂದ ವಾಪಸ್ ಉರುಳುತ್ತಿದೆ

ಕಳಸದ ತೋಟ:

ಎಲ್ಲರಿಗೂ ನಮಸ್ಕಾರ. ವಿಂಚ್ ಬಗ್ಗೆ ಗೊತ್ತಿರುವವರು ದಯವಿಟ್ಟು ಪೂರ್ತಿ ಓದಿ, ಸ್ವಲ್ಪ ಉದ್ದ ಇದೆ.

ನಮ್ಮದು ಕಾಫಿ ತೋಟ. ಗಾಳಿಮಳೆಗೆ ಬಿದ್ದ ಸಿಲ್ವರ್ ಮರಗಳನ್ನು 12 ಅಡಿ ತುಂಡು ಮಾಡಿ ಇಟ್ಟಿದ್ದೇವೆ. ತೋಟದ ಒಳಗಿನ ದಾರಿಗೆ ಲಾರಿ ಬರುವುದಿಲ್ಲ, ಟ್ರಾಕ್ಟರ್ ಟ್ರಾಲಿಯಲ್ಲೇ ಮೇನ್ ರೋಡಿಗೆ ಸಾಗಿಸಬೇಕು. ಮೊದಲಾದರೆ ಏಳೆಂಟು ಜನ ಸೇರಿ ಹಾರೆ ಕೊಟ್ಟು ಉರುಳಿಸಿ ಹತ್ತಿಸುತ್ತಿದ್ದರು. ಈಗ ಅಷ್ಟು ಜನ ಎಲ್ಲಿ ಸಿಗುತ್ತಾರೆ? ಹಾಗಾಗಿ ಟ್ರಾಲಿಯ ಆಚೆ ಬದಿಗೆ ಕಬ್ಬಿಣದ ಕಂಬ ವೆಲ್ಡ್ ಮಾಡಿಸಿ, ಅದಕ್ಕೆ ಹ್ಯಾಂಡಲ್ ತಿರುಗಿಸುವ ವಿಂಚ್, ಅಂದರೆ ಡ್ರಮ್ಮಿಗೆ ರೋಪು ಸುತ್ತಿಕೊಂಡು ಭಾರ ಎಳೆಯುವ ಸಾಧನ, ಕೂರಿಸಿದ್ದೇವೆ. ತಾನಾಗಿ ಹಿಡಿಯುವ ಬ್ರೇಕ್ ಇರುವಂಥದ್ದು. ಮೈಮೇಲೆ 1200 ಪೌಂಡ್ ಅಂತ ಬರೆದಿದೆ.

ಈಚೆ ಬದಿಗೆ 7 ಅಡಿ ಉದ್ದದ ಎರಡು ಗಟ್ಟಿ ಮರ ಒರಗಿಸಿದ್ದೇವೆ, ಅದರ ಮೇಲೆ ದಿಮ್ಮಿ ಉರುಳಿಕೊಂಡು ಬರಬೇಕು. ಎರಡು ಹಗ್ಗದ ಒಂದೊಂದು ತುದಿಯನ್ನು ಟ್ರಾಲಿಯ ಅಂಚಿಗೆ ಕಟ್ಟಿ, ದಿಮ್ಮಿಯ ಅಡಿಯಿಂದ ತೂರಿಸಿ, ಮೇಲಿಂದ ವಾಪಸ್ ತಂದು, ಎರಡನ್ನೂ ಒಂದು ಉಂಗುರಕ್ಕೆ ಸೇರಿಸಿದ್ದೇವೆ. ಆ ಉಂಗುರಕ್ಕೆ ವಿಂಚಿನ ಹುಕ್. ತಿರುಗಿಸಿದರೆ ದಿಮ್ಮಿ ಚೆನ್ನಾಗಿಯೇ ಉರುಳಿ ಏರುತ್ತದೆ, ಅದರಲ್ಲಿ ತೊಂದರೆ ಇಲ್ಲ.

ತೊಂದರೆ ಇರುವುದು ನಿಲ್ಲಿಸುವಾಗ. ಅರ್ಧ ಏರಿದ ಮೇಲೆ ಕೈ ಸಡಿಲ ಬಿಟ್ಟರೆ ಹ್ಯಾಂಡಲ್ ಗಿರ್ರನೆ ಹಿಂದಕ್ಕೆ ತಿರುಗಿ ದಿಮ್ಮಿ ಕೆಳಗೆ ಬರುತ್ತದೆ. ಮೊನ್ನೆ ನಮ್ಮ ಹುಡುಗನ ಮುಂಗೈಗೆ ಹ್ಯಾಂಡಲ್ ಸವರಿಕೊಂಡು ಹೋಯಿತು. ಮೂಳೆಗೆ ಏನೂ ಆಗಲಿಲ್ಲ, ಊದಿಕೊಂಡಿತ್ತು ಅಷ್ಟೇ. ಆದರೂ ಅವತ್ತಿಂದ ನನಗೆ ಭಯ. ಪೇಟೆಯ ವರ್ಕ್‌ಶಾಪಿನಲ್ಲಿ ತೋರಿಸಿದೆ, ಬ್ರೇಕಿನ ನಟ್ ಬಿಗಿ ಮಾಡಿ ಕಳಿಸಿದರು. ಏನೂ ವ್ಯತ್ಯಾಸ ಇಲ್ಲ.

ಇನ್ನೊಂದು ಸಮಸ್ಯೆ, ದಿಮ್ಮಿ ನೆಟ್ಟಗೆ ಏರುವುದಿಲ್ಲ. ಬುಡದ ಕಡೆ ಮುಂದೆ ಓಡುತ್ತದೆ, ತುದಿ ಹಿಂದೆ ಉಳಿಯುತ್ತದೆ. ಅರ್ಧದಲ್ಲಿ ನಿಲ್ಲಿಸಿ ಸರಿ ಮಾಡೋಣ ಅಂದರೆ ಬ್ರೇಕ್ ಇಲ್ಲ! ಎರಡೂ ಸೇರಿ ಕೆಲಸ ನಿಂತೇ ಹೋಗಿದೆ.

ಕೊಪ್ಪ ಟ್ರಾಕ್ಟರ್:

ಅಣ್ಣ, ನಿಮ್ಮ ವಿಂಚ್ ಸಾಲದು ಅಷ್ಟೇ. 1200 ಪೌಂಡ್ ಅಂದರೆ 545 ಕೆ.ಜಿ. ಹಸಿ ಸಿಲ್ವರ್ ದಿಮ್ಮಿ ಅದಕ್ಕಿಂತ ಜಾಸ್ತಿ ತೂಗುತ್ತದೆ. 2 ಟನ್‌ದು ತಗೊಳ್ಳಿ, ತಲೆನೋವು ಹೋಗುತ್ತೆ.

ಪೀಣ್ಯ ಫಿಟ್ಟರ್:

ಸರ್, ಮೊದಲು ಆ ವಿಂಚಿನಲ್ಲಿ ಕೆಲಸ ನಿಲ್ಲಿಸಿ. ಕಾರಣ ಗೊತ್ತಾಗುವವರೆಗೆ ಒಂದು ದಿಮ್ಮಿಯನ್ನೂ ಎತ್ತಬೇಡಿ. ಹಿಂದಕ್ಕೆ ತಿರುಗುವ ಹ್ಯಾಂಡಲ್ ಮುರಿಯುವುದು ಬೆರಳಲ್ಲ, ಮಣಿಕಟ್ಟು ಮತ್ತು ದವಡೆ. ಹಾಗೆ ಗಾಯ ಆದವರನ್ನು ಹತ್ತಿರದಿಂದ ನೋಡಿದ್ದೇನೆ.

ಇಷ್ಟು ಹೇಳಿ. ದಿಮ್ಮಿ ಮೇಲೆ ಎಳೆಯುವಾಗ ವಿಂಚಿನಿಂದ ಟಿಕ್ ಟಿಕ್ ಶಬ್ದ ಬರುತ್ತದಾ, ಇಲ್ಲ ಕೆಳಗೆ ಬಿಡುವಾಗ ಬರುತ್ತದಾ? ಹ್ಯಾಂಡಲ್ ಯಾವ ಕಡೆ ತಿರುಗಿಸುತ್ತೀರಿ, ಗಡಿಯಾರದ ಮುಳ್ಳಿನ ಕಡೆಗೋ ಅದಕ್ಕೆ ಎದುರೋ? ರೋಪು ಇತ್ತೀಚೆಗೆ ಯಾರಾದರೂ ಬದಲಾಯಿಸಿದ್ದಾರಾ? ಡ್ರಮ್ಮಿನಿಂದ ರೋಪು ಹೊರಗೆ ಬರುವ ಜಾಗದ ಒಂದು ಫೋಟೋ ಹಾಕಿ.

ಸಾಗರ ಸಾಮಿಲ್:

ಕೊಪ್ಪದವರೇ, ವಿಂಚ್ ಸಾಲದು ಅನ್ನುವ ಮುಂಚೆ ಲೆಕ್ಕ ಹಾಕೋಣ.

ಕಳಸದವರ ದಿಮ್ಮಿ 12 ಅಡಿ ಉದ್ದ. ಸುತ್ತಳತೆ ಹೇಳಿಲ್ಲ, ನಡುವೆ 60 ಇಂಚು ಅಂತ ಇಟ್ಟುಕೊಳ್ಳೋಣ. ನಾವು ಮಿಲ್ಲಿನಲ್ಲಿ ಅಳೆಯುವುದು ಸುತ್ತಳತೆಯ ನಾಲ್ಕನೇ ಒಂದು ಭಾಗದ ಲೆಕ್ಕದಲ್ಲಿ. 5 ಅಡಿಯ ಕಾಲುಭಾಗ 1.25, ಅದರ ವರ್ಗ 1.56, ಇಂಟು 12. ಒಟ್ಟು 18.75 ಘನ ಅಡಿ. ವ್ಯಾಪಾರಕ್ಕೆ ಇದು ಸರಿ. ಆದರೆ ತೂಕಕ್ಕೆ ಈ ಲೆಕ್ಕ ತಗೊಂಡರೆ ಮೋಸ ಹೋಗುತ್ತೀರಿ, ಯಾಕೆಂದರೆ ಈ ಅಳತೆಯಲ್ಲಿ ಮರದ ನಿಜವಾದ ಗಾತ್ರದ ಸುಮಾರು 21 ಪರ್ಸೆಂಟ್ ಬಿಟ್ಟುಹೋಗುತ್ತದೆ. ಅದು ಸಿಪ್ಪೆ, ಸೈಜು ಮಾಡುವಾಗ ಹೋಗುವ ಹಲಗೆ ಅಂತ ಮೊದಲೇ ಕಳೆದು ಇಟ್ಟ ಲೆಕ್ಕ. ವಿಂಚಿಗೆ ಅದೆಲ್ಲ ಗೊತ್ತಿಲ್ಲ, ಅದು ಪೂರ್ತಿ ದಿಮ್ಮಿಯನ್ನೇ ಎಳೆಯಬೇಕು. ನಿಜವಾದ ಗಾತ್ರ ಸುಮಾರು 23.9 ಘನ ಅಡಿ. ಹಸಿ ಮರವನ್ನು ನೀರಿನಷ್ಟೇ ತೂಕ ಅಂತ ಹಿಡಿದರೆ ಭಯವಿಲ್ಲ, ಘನ ಅಡಿಗೆ 28.3 ಕೆ.ಜಿ. ಅಲ್ಲಿಗೆ ದಿಮ್ಮಿ ಹತ್ತಿರ ಹತ್ತಿರ 675 ಕೆ.ಜಿ. ಮಿಲ್ಲಿನ ಅಳತೆಯಲ್ಲಿ ಲೆಕ್ಕ ಹಾಕಿದ್ದರೆ 530 ಅಂತ ಬರುತ್ತಿತ್ತು. ಒಂದೇ ದಿಮ್ಮಿಗೆ ಸುಮಾರು ಒಂದೂವರೆ ಕ್ವಿಂಟಾಲ್ ವ್ಯತ್ಯಾಸ! ಟ್ರಾಲಿಗೆ ಎಷ್ಟು ಹೇರಬಹುದು ಅನ್ನುವಾಗಲೂ ಇದನ್ನು ನೆನಪಿಡಿ.

ಆದರೆ ವಿಂಚ್ ಇಲ್ಲಿ ಪೂರ್ತಿ 675 ಎಳೆಯುವುದಿಲ್ಲ. ಟ್ರಾಲಿಯ ಹಲಗೆ ನೆಲದಿಂದ ಮೂರೂವರೆ ಅಡಿ ಅಂದುಕೊಂಡರೆ, 7 ಅಡಿ ಮರದ ಮೇಲೆ ಏರಿಸುವಾಗ ತೂಕದ ಅರ್ಧ ಮಾತ್ರ ಎಳೆತಕ್ಕೆ ಬರುತ್ತದೆ, ಸುಮಾರು 338. ಹಗ್ಗದ ಒಂದು ತುದಿ ಟ್ರಾಲಿಗೇ ಕಟ್ಟಿರುವುದರಿಂದ ಅದರಲ್ಲೂ ಅರ್ಧವನ್ನು ಟ್ರಾಲಿಯೇ ಹೊರುತ್ತದೆ. ಉಳಿದಿದ್ದು 169 ಕೆ.ಜಿ. ಸಿಪ್ಪೆ, ಗಂಟು, ಉಜ್ಜಾಟ ಎಲ್ಲ ಸೇರಿಸಿ ಇನ್ನೂರೈವತ್ತು ಅಂತ ಹಿಡಿದರೂ 545ರ ವಿಂಚಿಗೆ ಅದು ದೊಡ್ಡದಲ್ಲ. ಡ್ರಮ್ ಮೇಲೆ ರೋಪು ಸುತ್ತು ಜಾಸ್ತಿ ಆದ ಹಾಗೆ ಎಳೆಯುವ ಶಕ್ತಿ ಕಡಿಮೆ ಆಗುತ್ತದೆ ನಿಜ, ಆದರೂ ಸಾಕು. ದೋಷ ಬೇರೆ ಎಲ್ಲೋ ಇದೆ. ಇದೇ ದೋಷ ಇಟ್ಟುಕೊಂಡು 2 ಟನ್‌ದು ತಂದರೂ ಹ್ಯಾಂಡಲ್ ಹೀಗೇ ತಿರುಗುತ್ತದೆ, ಇನ್ನೂ ಜೋರಾಗಿ.

ಒಂದು ಮಾತು, 7 ಅಡಿ ತುಂಬಾ ಗಿಡ್ಡ. 12 ಅಡಿ ಮರ ಒರಗಿಸಿದರೆ ವಿಂಚಿನ ಮೇಲಿನ ಎಳೆತ 169ರಿಂದ ನೂರಕ್ಕೆ ಇಳಿಯುತ್ತದೆ. ತೋಟದಲ್ಲಿ ಉದ್ದ ಮರಕ್ಕೇನು ಬರವಾ?

ಕಳಸದ ತೋಟ:

ಫಿಟ್ಟರ್ ಸರ್, ಈಗ ಖಾಲಿ ವಿಂಚ್ ತಿರುಗಿಸಿ ಕೇಳಿದೆ. ರೋಪು ಒಳಗೆ ಸುತ್ತುವಾಗ ಶಬ್ದವೇ ಇಲ್ಲ, ನುಣ್ಣಗೆ ಸುತ್ತುತ್ತದೆ. ರೋಪು ಹೊರಗೆ ಬಿಡುವ ಕಡೆ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಒಳಗೆ ಎಳೆಯಲು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗಿಸುತ್ತಿದ್ದೇವೆ. ರೋಪು ಈ ಸೀಸನ್ ಶುರುವಿನಲ್ಲಿ ಅದೇ ವರ್ಕ್‌ಶಾಪಿನಲ್ಲಿ ಹೊಸದು ಹಾಕಿಸಿದ್ದು, 8 ಎಂ.ಎಂ. ಉಕ್ಕಿನದು. ಫೋಟೋ ಹಾಕಿದ್ದೇನೆ. ರೋಪು ಡ್ರಮ್ಮಿನ ಅಡಿಯಿಂದ ಬರುತ್ತಿದೆ. ವಿಂಚಿನ ಪಕ್ಕದ ತಗಡಿನಲ್ಲಿ ಒಂದು ಬಾಣದ ಗುರುತು ಇದೆ, ಬಣ್ಣ ಹೋಗಿದೆ, ಬೆರಳಿನಲ್ಲಿ ಸವರಿದರೆ ಗೊತ್ತಾಗುತ್ತದೆ. ಅದು ಗಡಿಯಾರದ ದಿಕ್ಕನ್ನೇ ತೋರಿಸುತ್ತಿದೆ.

ಪೀಣ್ಯ ಫಿಟ್ಟರ್:

ಸಿಕ್ಕಿತು. ರೋಪು ಉಲ್ಟಾ ಸುತ್ತಿದ್ದಾರೆ.

ಯಾಕೆ ಹೀಗಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಿಲ್ಲದೆ ಸರಿ ಮಾಡಿದರೆ ಮುಂದಿನ ಸಲ ರೋಪು ಬದಲಾಯಿಸುವವರು ಮತ್ತೆ ಹೀಗೇ ಸುತ್ತುತ್ತಾರೆ. ನಿಮ್ಮ ವಿಂಚಿನ ಹ್ಯಾಂಡಲ್ ಡ್ರಮ್ಮಿನ ಗೇರಿಗೆ ನೇರವಾಗಿ ಸೇರಿಲ್ಲ. ನಡುವೆ ಮರೆ ಇರುವ, ಅಂದರೆ ಸ್ಕ್ರೂ ಥರ ಕೊರೆದಿರುವ ಒಂದು ಶಾಫ್ಟ್ ಇದೆ. ಹ್ಯಾಂಡಲನ್ನು ಬಾಣದ ದಿಕ್ಕಿಗೆ ತಿರುಗಿಸಿದರೆ ಅದು ಆ ಮರೆಯ ಮೇಲೆ ಬಿಗಿಯಾಗುತ್ತಾ ಹೋಗಿ ಎರಡು ಬ್ರೇಕ್ ಬಿಲ್ಲೆಗಳನ್ನು ಒತ್ತುತ್ತದೆ. ಆ ಬಿಲ್ಲೆಗಳ ನಡುವೆ ಒಂದು ಹಲ್ಲಿನ ಚಕ್ರ. ಚಕ್ರದ ಹಲ್ಲಿಗೆ ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ನಾಲಿಗೆ. ಆ ನಾಲಿಗೆ ಚಕ್ರವನ್ನು ಒಂದೇ ಕಡೆಗೆ ಬಿಡುತ್ತದೆ, ಇನ್ನೊಂದು ಕಡೆಗೆ ಬಿಡುವುದಿಲ್ಲ. ಟಿಕ್ ಟಿಕ್ ಅನ್ನುವುದು ಅದೇ.

ರೋಪು ಸರಿಯಾಗಿ ಸುತ್ತಿದ್ದರೆ, ಭಾರ ಹಿಂದಕ್ಕೆ ಎಳೆದಷ್ಟೂ ಮರೆ ಇನ್ನೂ ಬಿಗಿಯಾಗುತ್ತದೆ. ಅಂದರೆ ದಿಮ್ಮಿಯ ತೂಕವೇ ಬ್ರೇಕ್ ಹಿಡಿಯುತ್ತದೆ, ನೀವು ಕೈ ಬಿಟ್ಟರೂ ನಿಂತ ಜಾಗದಲ್ಲೇ ನಿಲ್ಲಬೇಕು. ಕೆಳಗೆ ಇಳಿಸಬೇಕಾದರೆ ಹ್ಯಾಂಡಲನ್ನು ನೀವೇ ಹಿಂದಕ್ಕೆ ತಿರುಗಿಸಬೇಕು, ತಿರುಗಿಸಿದಷ್ಟೇ ಇಳಿಯುತ್ತದೆ. ರೋಪು ಉಲ್ಟಾ ಸುತ್ತಿದರೆ ಇದೆಲ್ಲ ತಲೆಕೆಳಗು. ಭಾರ ಎಳೆದಷ್ಟೂ ಮರೆ ಸಡಿಲವಾಗುತ್ತದೆ, ಬಿಲ್ಲೆಗಳು ಬಿಟ್ಟುಕೊಳ್ಳುತ್ತವೆ. ನಟ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ. ಎಳೆಯುವಾಗ ನುಣ್ಣಗೆ ಇದೆ ಅಂತ ಅನಿಸಿತಲ್ಲ, ಅಪಾಯದ ಗುರುತೇ ಅದು. ಭಾರ ಎಳೆಯುವಾಗ ಟಿಕ್ ಶಬ್ದ ಬರಲೇಬೇಕು.

ಸರಿ ಮಾಡುವುದು ಹೀಗೆ. ರೋಪು ಪೂರ್ತಿ ಬಿಚ್ಚಿ. ಡ್ರಮ್ಮಿನಲ್ಲಿ ರೋಪಿನ ತುದಿ ಹಿಡಿಯುವ ಕ್ಲಾಂಪ್ ಸರಿಯಾಗಿದೆಯಾ ನೋಡಿ. ಹ್ಯಾಂಡಲನ್ನು ಬಾಣದ ದಿಕ್ಕಿಗೆ ತಿರುಗಿಸುತ್ತಾ ರೋಪು ಒಳಗೆ ಸುತ್ತಿಕೊಳ್ಳುವ ಹಾಗೆ ಹಾಕಿ. ನಿಮ್ಮ ಫೋಟೋ ನೋಡಿದರೆ ರೋಪು ಡ್ರಮ್ಮಿನ ಮೇಲಿಂದ ಬರಬೇಕು. ಒಬ್ಬರು ಕೈಗವಸು ಹಾಕಿ ರೋಪನ್ನು ಬಿಗಿಯಾಗಿ ಹಿಡಿದುಕೊಂಡೇ ಸುತ್ತಿ. ಸಡಿಲ ಸುತ್ತಿದರೆ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಕೆಲಸ ಮಾಡುವಾಗ ಎಷ್ಟೇ ರೋಪು ಹೊರಗೆ ಬಿಟ್ಟರೂ ಡ್ರಮ್ ಮೇಲೆ ಕನಿಷ್ಠ 3 ಸುತ್ತು ಉಳಿದಿರಬೇಕು. ಭಾರ ತಡೆಯುವುದು ಆ ಸುತ್ತುಗಳ ಹಿಡಿತ, ಪುಟ್ಟ ಕ್ಲಾಂಪ್ ಅಲ್ಲ.

ಸುತ್ತುವ ಮುಂಚೆ ಬ್ರೇಕಿನ ಮುಚ್ಚಳ ತೆಗೆದು ಬಿಲ್ಲೆಗಳನ್ನೂ ನೋಡಿ, ಏನು ಕಾಣುತ್ತದೆ ಹೇಳಿ.

ಕಳಸದ ತೋಟ:

ಬಿಚ್ಚಿದೆ ಸರ್. ಒಳಗೆ ನೋಡಿ ಬೇಜಾರಾಯಿತು. ಎರಡು ಬಿಲ್ಲೆಗೂ ಗ್ರೀಸ್ ಮೆತ್ತಿದ್ದಾರೆ. ಒಂದು ಬಿಲ್ಲೆಯ ಅಂಚು ಒಂದು ಕಡೆ ಉದುರಿದೆ, ಮೇಲೆ ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿದೆ. ನಾಲಿಗೆಯ ಸ್ಪ್ರಿಂಗ್ ಸರಿ ಇದೆ, ಬೆರಳಿನಲ್ಲಿ ಎತ್ತಿ ಬಿಟ್ಟರೆ ಟಪ್ ಅಂತ ಹಲ್ಲಿಗೆ ಬೀಳುತ್ತದೆ. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿದರೆ ಆಗುತ್ತದಾ?

ಪೀಣ್ಯ ಫಿಟ್ಟರ್:

ಬೇಡ. ಒಳಗೆ ಕುಡಿದ ಗ್ರೀಸ್ ತೊಳೆದರೆ ಹೋಗುವುದಿಲ್ಲ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಅಂಚು ಉದುರಿದ ಬಿಲ್ಲೆಯನ್ನಂತೂ ಇಟ್ಟುಕೊಳ್ಳಲೇಬೇಡಿ. ಎರಡೂ ಬದಲಾಯಿಸಿ. ಅದೇ ಕಂಪನಿಯ ಬಿಡಿಭಾಗ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಳೆಯದನ್ನು ತೆಗೆದುಕೊಂಡು ಹೋಗಿ, ಬ್ರೇಕ್ ಲೈನರ್ ಕತ್ತರಿಸಿ ಕೊಡುವ ಅಂಗಡಿಯಲ್ಲಿ ಅದೇ ಒಳವ್ಯಾಸ, ಹೊರವ್ಯಾಸ, ಅದೇ ದಪ್ಪಕ್ಕೆ ಮಾಡಿಸಿ. ದಪ್ಪ ಮುಖ್ಯ. ಹೊಸ ಬಿಲ್ಲೆ ದಪ್ಪವಾದರೆ ಇಳಿಸುವಾಗ ಸರಿಯಾಗಿ ಬಿಟ್ಟುಕೊಳ್ಳದು, ತೆಳುವಾದರೆ ಹಿಡಿಯದು.

ಉಕ್ಕಿನ ಮುಖಗಳನ್ನು ಪೆಟ್ರೋಲ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಮರೆ ಇರುವ ಶಾಫ್ಟಿಗೆ ಮಾತ್ರ ಬೆರಳ ತುದಿಯಲ್ಲಿ ಚೂರು ಗ್ರೀಸ್, ಗೇರಿನ ಹಲ್ಲಿಗೆ ಒಂದಿಷ್ಟು. ಬಿಲ್ಲೆಗೆ ಒಂದು ಹನಿಯೂ ತಾಗಬಾರದು.

ಸೋಮವಾರಪೇಟೆ ಹುಡುಗ:

ರೋಪು ಬಿಚ್ಚಿದಾಗ ಹುಕ್ ಕಡೆ ರೋಪಿನ ತುದಿಯನ್ನು ಮಡಚಿ ಹಿಡಿದಿರುವ ಕ್ಲಿಪ್ಪುಗಳನ್ನೂ ನೋಡಿಬಿಡಿ ಅಣ್ಣ. ಡ್ರಮ್ಮಿಗೆ ಉಲ್ಟಾ ಸುತ್ತಿದ ಕೈ ಕ್ಲಿಪ್ಪನ್ನು ಹೇಗೆ ಹಾಕಿದೆಯೋ ಏನೋ. ಯು ಆಕಾರದ ಬೋಲ್ಟ್ ಬರಬೇಕಾದ್ದು ರೋಪಿನ ಗಿಡ್ಡ ತುದಿಯ ಮೇಲೆ. ಹಲ್ಲು ಕೊರೆದ ದಪ್ಪ ಭಾಗ ಭಾರ ಹೊರುವ ಉದ್ದ ರೋಪಿನ ಕಡೆ ಕೂರಬೇಕು. ಉಲ್ಟಾ ಹಾಕಿದರೆ ಬೋಲ್ಟು ಭಾರದ ರೋಪನ್ನೇ ಜಜ್ಜಿ ಎಳೆಗಳನ್ನು ಕಡಿಯುತ್ತದೆ. 8 ಎಂ.ಎಂ. ರೋಪಿಗೆ ಕನಿಷ್ಠ 3 ಕ್ಲಿಪ್, ನಡುವೆ ಸುಮಾರು ಎರಡಿಂಚು ಜಾಗ ಬಿಡಿ. ಮೊದಲ ದಿಮ್ಮಿ ಎಳೆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು, ಭಾರ ಬಿದ್ದಾಗ ರೋಪು ಸ್ವಲ್ಪ ಸಣ್ಣಗಾಗುತ್ತದೆ.

ಉಲ್ಟಾ ಸುತ್ತಿಸಿಕೊಂಡ ರೋಪು ಈಗ ಆ ಕಡೆಗೇ ಬಾಗಿರುತ್ತದೆ, ಬಿಸಿಲಿನಲ್ಲಿ ಉದ್ದಕ್ಕೆ ಚಾಚಿ ಇಟ್ಟು ಆಮೇಲೆ ಸುತ್ತಿ. ಎಲ್ಲಾದರೂ ಗಂಟು ಬಿದ್ದು ಮುರುಟಿದ ಹಾಗೆ ಕಂಡರೆ ಆ ಭಾಗ ಕತ್ತರಿಸಿ ಹಾಕಿ, ಸುತ್ತಿಗೆಯಲ್ಲಿ ಬಡಿದು ನೇರ ಮಾಡಬೇಡಿ.

ಸಾಗರ ಸಾಮಿಲ್:

ಬ್ರೇಕಿನ ವಿಷಯ ಮುಗಿಯಿತು. ಈಗ ದಿಮ್ಮಿ ಓರೆಯಾಗುವ ವಿಷಯ. ಇದು ಎಲ್ಲರಿಗೂ ಆಗುವುದೇ.

ದಿಮ್ಮಿ ಒಂದು ಸುತ್ತು ಉರುಳಿದರೆ ಎಷ್ಟು ದೂರ ಹೋಗುತ್ತದೆ? ಅದರ ಸುತ್ತಳತೆಯಷ್ಟು. ಬುಡದ ಸುತ್ತಳತೆ 66 ಇಂಚು, ತುದಿಯದ್ದು 54 ಅಂತ ಇಟ್ಟುಕೊಳ್ಳಿ. ಒಂದೇ ಸುತ್ತಿಗೆ ಬುಡ ಒಂದು ಅಡಿ ಮುಂದೆ ಹೋಯಿತು. ಹಗ್ಗ ಅದನ್ನು ಹಿಡಿದು ಸಮ ಮಾಡಲು ನೋಡುತ್ತದೆ, ಆದರೆ ನಿಮ್ಮ ಹಗ್ಗಗಳು ಸೇರುವ ಉಂಗುರ ದಿಮ್ಮಿಗೆ ತೀರಾ ಹತ್ತಿರ ಇದ್ದರೆ ಎರಡು ಹಗ್ಗವೂ ಒಳಗೆ ಎಳೆದುಕೊಂಡು ಜಾರುತ್ತವೆ, ಆಗ ಯಾವ ಕಡೆಗೂ ಹಿಡಿತ ಇರುವುದಿಲ್ಲ. ಫೋಟೋದಲ್ಲಿ ನಿಮ್ಮದು ಹಾಗೇ ಕಾಣುತ್ತಿದೆ. ಹಗ್ಗ ಉದ್ದ ಮಾಡಿ. ಎರಡು ಹಗ್ಗದ ನಡುವಿನ ಅಂತರ 8 ಅಡಿ ಇದ್ದರೆ ಉಂಗುರ ದಿಮ್ಮಿಯಿಂದ ಕನಿಷ್ಠ ಅಷ್ಟೇ ದೂರ ಇರಲಿ. ಟ್ರಾಲಿಯ ಅಗಲದೊಳಗೆ ಅಷ್ಟು ಜಾಗ ಸಿಗದಿದ್ದರೆ ಆಚೆ ಬದಿಯ ಕಂಬಕ್ಕೆ ರಾಟೆ ಕಟ್ಟಿ, ವಿಂಚನ್ನು ಟ್ರಾಲಿಯ ಮುಂದಿನ ತುದಿಗೆ ಒಯ್ದು ಕೂರಿಸಿ. ತಿರುಗಿಸುವವನೂ ಆಗ ದಿಮ್ಮಿ ಉರುಳಿ ಬರುವ ನೇರಕ್ಕೆ ನಿಂತಿರುವುದಿಲ್ಲ. ಸದ್ಯ ನಿಮ್ಮ ಹುಡುಗ ಸರಿಯಾಗಿ ಅದರ ಎದುರಿಗೇ ನಿಲ್ಲುತ್ತಿದ್ದಾನೆ, ನನಗೆ ಬ್ರೇಕಿಗಿಂತ ಅದೇ ಜಾಸ್ತಿ ಚಿಂತೆ. ಒಂದು ಎಚ್ಚರ, ರಾಟೆಯಲ್ಲಿ ರೋಪು ಮೂಲೆ ತಿರುಗುವಾಗ ಆ ಕಂಬದ ಮೇಲೆ ಬೀಳುವ ಎಳೆತ ರೋಪಿನದ್ದಕ್ಕಿಂತ ಜಾಸ್ತಿ. ಕಂಬಕ್ಕೆ ಓರೆ ಆಸರೆ ವೆಲ್ಡ್ ಮಾಡಿಸಿ.

ಇಷ್ಟು ಮಾಡಿದರೂ ಬುಡ ಸ್ವಲ್ಪ ಮುಂದೆ ಹೋಗುತ್ತದೆ. ಆಗ ವಿಂಚ್ ನಿಲ್ಲಿಸಿ, ಎರಡು ತುದಿಯ ಹಿಂದೆಯೂ ಮರದ ಬೆಣೆ ಕೊಟ್ಟು, ಆಮೇಲೆ ತುದಿಯ ಕಡೆ ಹಾರೆ ಹಾಕಿ ಮುಂದಕ್ಕೆ ತಳ್ಳಿ ಸಮ ಮಾಡಿ. ಬೆಣೆಗೆ ಉದ್ದ ಹಿಡಿ ಇರಲಿ, ಕೈ ದಿಮ್ಮಿಯ ಅಡಿಗೆ ಹೋಗಬಾರದು. ಇನ್ನೂ ಸುಲಭ ಅಂದರೆ ಶುರುವಿನಲ್ಲೇ ದಿಮ್ಮಿಯನ್ನು ಸ್ವಲ್ಪ ಓರೆ ಇಡುವುದು, ಬುಡ ಒಂದು ಗೇಣು ಹಿಂದೆ ಇರುವ ಹಾಗೆ. ಮೇಲೆ ಹೋಗುವ ಹೊತ್ತಿಗೆ ತಾನೇ ಸಮ ಆಗುತ್ತದೆ.

ಟ್ರಾಲಿಯ ಅಂಚಿನ ಕೆಳಗೆ, ದಿಮ್ಮಿ ಏರುವ ಬದಿಗೆ, ಎರಡು ಗಟ್ಟಿ ಕಂಬದ ಆಸರೆ ಕೊಟ್ಟಿದ್ದೀರಾ? ಫೋಟೋದಲ್ಲಿ ಕಾಣಲಿಲ್ಲ. ಖಾಲಿ ಟ್ರಾಲಿಯ ಅಂಚಿಗೆ 675 ಕೆ.ಜಿ. ಬಂದು ಕೂತರೆ ಆಚೆ ಚಕ್ರ ಎದ್ದುಬಿಡಬಹುದು. ಮೊದಲ ದಿಮ್ಮಿಯೇ ಅಪಾಯದ್ದು. ಟ್ರಾಲಿಯನ್ನು ಟ್ರಾಕ್ಟರಿನಿಂದ ಬಿಚ್ಚಬೇಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳ ಎರಡೂ ಕಡೆ ಕಲ್ಲು ಕೊಡಿ.

ಬಾಳೆಹೊನ್ನೂರು ಅಕ್ಕ:

ಇಷ್ಟೆಲ್ಲ ಕಷ್ಟ ಯಾಕೆ, ಜೆಸಿಬಿ ಕರೆಸಿದರೆ ಅರ್ಧ ದಿನದಲ್ಲಿ ಮುಗಿಯುತ್ತದಲ್ವಾ? ನಮ್ಮಲ್ಲಿ ಬಕೆಟ್ಟಿಗೆ ಸರಪಳಿ ಕಟ್ಟಿ ಎತ್ತಿ ಇಡುತ್ತಾರೆ. ಹೈಡ್ರಾ ಕ್ರೇನ್ ಬಂದರೆ ಇನ್ನೂ ಸಲೀಸು.

ಕಳಸದ ತೋಟ:

ಅಕ್ಕ, ದಿಮ್ಮಿ ಇರುವ ಕಡೆ ಜೆಸಿಬಿ ಬರಬೇಕಾದರೆ ಎರಡು ಸಾಲು ಕಾಫಿ ಗಿಡ ಕೀಳಬೇಕು. ಇಳಿಜಾರು ಬೇರೆ. ಅದಕ್ಕೇ ವಿಂಚ್ ಹಿಡಿದು ಕೂತಿರುವುದು.

ಹಳೇ ಡಿಪೊ:

ಬಾಳೆಹೊನ್ನೂರಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಬಯಲು ಜಾಗ ಇದ್ದು, ದಿಮ್ಮಿ ಜಾಸ್ತಿ ಇದ್ದರೆ ಯಂತ್ರ ತರಿಸುವುದೇ ಸರಿ. ಆದರೆ ಬಕೆಟ್ ಹಲ್ಲಿಗೆ ಸರಪಳಿ ಸಿಕ್ಕಿಸಿ ಎತ್ತುವುದನ್ನು ಒಪ್ಪಬೇಡಿ. ಬಕೆಟ್ ಸ್ವಲ್ಪ ಮಗುಚಿದರೆ ಸರಪಳಿ ಹಲ್ಲಿನಿಂದ ಜಾರುತ್ತದೆ. ಎತ್ತಲು ಅಂತಲೇ ವೆಲ್ಡ್ ಮಾಡಿದ ಕಣ್ಣು ಇರಬೇಕು, ಅದಕ್ಕೆ ಶ್ಯಾಕಲ್, ಅಂದರೆ ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ, ಹಾಕಿ ಕಟ್ಟಬೇಕು. ದಿಮ್ಮಿ ಗಾಳಿಯಲ್ಲಿ ಇರುವಾಗ ಅದನ್ನು ಕೈಯಿಂದ ಮುಟ್ಟಿ ತಿರುಗಿಸಬಾರದು. ಎರಡೂ ತುದಿಗೆ ಉದ್ದನೆಯ ಹಗ್ಗ ಕಟ್ಟಿ ದೂರದಿಂದ ಹಿಡಿದು ತಿರುಗಿಸಬೇಕು.

ನಮ್ಮ ಕಡೆ ದುಬಾರೆ, ಸಕ್ರೆಬೈಲಿನ ಆನೆಗಳು ಕಾಡಿನಿಂದ ನಾಟಾ ಎಳೆದು ತರುತ್ತಿದ್ದ ಕಾಲ ಇತ್ತು. ಅದೇ ಕೆಲಸಕ್ಕೆ ಅಮೆರಿಕದವರು ನೂರು ವರ್ಷಕ್ಕೂ ಹಿಂದೆ ಹಬೆ ಯಂತ್ರ ಮಾಡಿದ್ದರು. ಡುಲೂತ್ ಊರಿನ ಕ್ಲೈಡ್ ಐರನ್ ವರ್ಕ್ಸ್‌ನವರ ಮೆಕ್‌ಗಿಫರ್ಟ್ ಲೋಡರ್ ಅಂತ ಒಂದು. ಅದು ರೈಲು ಹಳಿಯ ಮೇಲೆ ಬಂದು, ಕಾಲೂರಿ, ಚಕ್ರಗಳನ್ನು ಮೇಲೆ ಎತ್ತಿಕೊಳ್ಳುತ್ತಿತ್ತು. ಆಮೇಲೆ ಖಾಲಿ ವ್ಯಾಗನ್‌ಗಳು ಅದರ ಹೊಟ್ಟೆಯಡಿಯಿಂದಲೇ ಒಂದೊಂದಾಗಿ ಹಾದುಹೋಗುತ್ತಿದ್ದವು, ಯಂತ್ರ ನಿಂತಲ್ಲೇ ನಿಂತು ತುಂಬುತ್ತಿತ್ತು. ಅದಕ್ಕಿಂತ ಮುಂಚೆ ಅಲ್ಲೂ ಕಳಸದವರು ಮಾಡುತ್ತಿರುವ ಕ್ರಮವೇ, ಎರಡು ಮರ ಒರಗಿಸಿ ಹಗ್ಗ ಸುತ್ತಿ ಉರುಳಿಸುವುದು. ವಿಂಚಿನ ಜಾಗದಲ್ಲಿ ಕುದುರೆ ಎಳೆಯುತ್ತಿತ್ತು ಅಷ್ಟೇ. ಹಾಗಾಗಿ ಇದು ಕೆಟ್ಟ ಕ್ರಮ ಅಲ್ಲ. ಚಿಕ್ಕ ಜಾಗಕ್ಕೆ ಇವತ್ತಿಗೂ ಇದಕ್ಕಿಂತ ಒಳ್ಳೆಯದು ಕಡಿಮೆ.

ಎಲ್ಲರೂ ಹತ್ತಿಸುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ, ಇಳಿಸುವುದು? ಡಿಪೊದಲ್ಲಿ ನಾನು ನೋಡಿದ ಗಾಯಗಳಲ್ಲಿ ಇಳಿಸುವಾಗ ಆದದ್ದೇ ಜಾಸ್ತಿ. ಬದಿಯ ಗೂಟ ಕೀಳುವ ತನಕ ದಿಮ್ಮಿಗಳು ಸುಮ್ನೆ ಮಲಗಿದ ಹಾಗೆ ಕಾಣುತ್ತವೆ. ದಾರಿಯ ಕುಲುಕಾಟಕ್ಕೆ ಅವು ಜರುಗಿ ಪೂರ್ತಿ ಭಾರ ಗೂಟದ ಮೇಲೆ ನಿಂತಿರುತ್ತದೆ. ಗೂಟಕ್ಕೆ ಸುತ್ತಿಗೆ ಏಟು ಬಿದ್ದ ಕೂಡಲೇ ಮೇಲಿನದು, ನಡುವಿನದು ಎಲ್ಲ ಒಟ್ಟಿಗೆ ಬರುತ್ತವೆ. ಗೂಟ ಕೀಳುವ ಮುಂಚೆ ಹೊರಗಿನ ದಿಮ್ಮಿಯನ್ನು ಆಚೆ ಬದಿಯಿಂದ ಹಗ್ಗ ಹಾಕಿ ಹಿಡಿಯಬೇಕು. ಗೂಟ ಕೀಳುವವನು ಟ್ರಾಲಿಯ ಮುಂದೆ ಅಥವಾ ಹಿಂದೆ ನಿಲ್ಲಬೇಕು, ದಿಮ್ಮಿ ಉರುಳುವ ಬದಿಗೆ ಯಾರೂ ಇರಬಾರದು. ನಿಮ್ಮ ವಿಂಚ್ ಸರಿ ಆದ ಮೇಲೆ ಅದೇ ಹಗ್ಗ, ಅದೇ ಒರಗಿಸಿದ ಮರ ಬಳಸಿ ಒಂದೊಂದಾಗಿ ಬ್ರೇಕಿನ ಮೇಲೆ ಇಳಿಸಬಹುದು. ನಿಧಾನ ಆಗುತ್ತದೆ, ಆಗಲಿ.

ಕಳಸದ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಗಿದ್ದನ್ನು ಹೇಳಿಬಿಡುತ್ತೇನೆ.

ಬಿಲ್ಲೆ ಹೊಸದು ಮಾಡಿಸಿದೆ. ರೋಪು ಮೇಲಿಂದ ಬರುವ ಹಾಗೆ ಸುತ್ತಿ, ಬಾಣಕ್ಕೆ ಕೆಂಪು ಪೇಂಟ್ ಬಳಿದಿದ್ದೇನೆ. ಕ್ಲಿಪ್ಪುಗಳಲ್ಲಿ ಒಂದು ಉಲ್ಟಾ ಇತ್ತು, ಸೋಮವಾರಪೇಟೆಯವರು ಹೇಳಿದ್ದು ನಿಜ. ಮೊದಲು ಸಣ್ಣ ತುಂಡೊಂದನ್ನು ಒರಗು ಮರದ ಮೇಲೆ ಒಂದು ಗೇಣು ಏರಿಸಿ, ಹಿಂದೆ ಬೆಣೆ ಇಟ್ಟು, ಹ್ಯಾಂಡಲ್ ನಿಧಾನಕ್ಕೆ ಬಿಟ್ಟೆ. ಅಲುಗಾಡಲಿಲ್ಲ. ಆಮೇಲೆ ದೊಡ್ಡದನ್ನೇ ಹಾಕಿದೆವು. 12 ಅಡಿಯ ಮರ ಒರಗಿಸಿದ್ದರಿಂದ ಹುಡುಗ ಒಂದೇ ಕೈಯಲ್ಲಿ ತಿರುಗಿಸುತ್ತಾನೆ! ಟಿಕ್ ಟಿಕ್ ಅನ್ನುತ್ತಾ ಏರುತ್ತದೆ. ಅರ್ಧದಲ್ಲಿ ನಿಲ್ಲಿಸಿ ಬೆಣೆ ಕೊಟ್ಟು ತುದಿ ಸರಿ ಮಾಡುವುದಕ್ಕೂ ಈಗ ತೊಂದರೆ ಇಲ್ಲ. ವಿಂಚನ್ನು ಟ್ರಾಲಿ ಮುಂದಕ್ಕೆ ಸಾಗಿಸುವ ಕೆಲಸ ವೆಲ್ಡಿಂಗ್‌ಗೆ ಕೊಟ್ಟಿದ್ದೇನೆ, ಅದು ಬರುವವರೆಗೆ ಸಣ್ಣ ದಿಮ್ಮಿ ಮಾತ್ರ, ಅದೂ ಹುಡುಗ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು.

ಒಂದು ಉಳಿದಿದೆ. ದಿಮ್ಮಿ ಅಂಚು ದಾಟಿ ಟ್ರಾಲಿಯ ಹಲಗೆ ಮೇಲೆ ಬಂದ ಕೂಡಲೇ ರೋಪು ಸಡಿಲ ಬಿದ್ದು, ಹ್ಯಾಂಡಲ್ ಪೊಳ್ಳಾಗಿ ತಿರುಗುತ್ತದೆ. ದಿಮ್ಮಿ ಸೀದಾ ಆಚೆ ಬದಿಗೆ ಉರುಳಿ ಗೂಟಕ್ಕೆ ಧಡ್ ಅಂತ ಹೊಡೆಯುತ್ತದೆ. ಬ್ರೇಕ್ ಆಗ ಯಾಕೆ ಹಿಡಿಯುವುದಿಲ್ಲ? ಬಿಲ್ಲೆ ಸರಿ ಕೂತಿಲ್ಲವಾ?

ಪೀಣ್ಯ ಫಿಟ್ಟರ್:

ಬಿಲ್ಲೆ ಸರಿಯಾಗಿಯೇ ಇದೆ. ಈ ಬ್ರೇಕ್ ಹಿಡಿಯುವುದು ಭಾರ ಹಿಂದಕ್ಕೆ ಎಳೆಯುವಾಗ ಮಾತ್ರ. ರೋಪಿನಲ್ಲಿ ಬಿಗಿ ಇಲ್ಲ ಅಂದರೆ ಬ್ರೇಕೂ ಇಲ್ಲ. ಅಂಚು ದಾಟಿದ ಮೇಲೆ ದಿಮ್ಮಿ ಓಡುತ್ತಿರುವುದು ವಿಂಚಿನ ಕಡೆಗೆ, ಅದನ್ನು ವಿಂಚ್ ತಡೆಯಲಾರದು.

ಅದಕ್ಕೆ ಹಿಂದಿನಿಂದ ಹಿಡಿಯುವ ಇನ್ನೊಂದು ಹಗ್ಗ ಬೇಕು. ದಿಮ್ಮಿ ಬರುವ ಬದಿಯಲ್ಲಿ, ಸ್ವಲ್ಪ ದೂರದಲ್ಲಿ, ಬೇರು ಗಟ್ಟಿ ಇರುವ ಒಂದು ಮರ ನೋಡಿ. ದಪ್ಪ ನಾರಿನ ಹಗ್ಗದ ಒಂದು ತುದಿಯನ್ನು ದಿಮ್ಮಿಯ ನಡುವೆ, ದಿಮ್ಮಿ ಉರುಳಿದಾಗ ಹಗ್ಗ ತಾನಾಗಿ ಸುತ್ತಿಕೊಳ್ಳುವ ಹಾಗೆ ಕಟ್ಟಿ. ಇನ್ನೊಂದು ತುದಿಯನ್ನು ಆ ಮರಕ್ಕೆ ಎರಡು ಮೂರು ಸುತ್ತು ಹಾಕಿ ಒಬ್ಬರು ಹಿಡಿದುಕೊಳ್ಳಲಿ. ಏರುವಾಗ ಸಡಿಲ ಬಿಡುತ್ತಾ ಬರಬೇಕು, ಅಂಚು ದಾಟುವಾಗ ಬಿಗಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಇದನ್ನು ಹುಡುಗರಿಗೆ ಗಟ್ಟಿಯಾಗಿ ಹೇಳಿ.

ಹಗ್ಗ ಹಿಡಿಯಲು ಇನ್ನೊಬ್ಬರು ಇಲ್ಲದಿದ್ದರೆ, ಟ್ರಾಲಿಯ ಹಲಗೆ ಮೇಲೆ ಅಂಚಿನಿಂದ ಒಂದೂವರೆ ಅಡಿ ಒಳಗೆ ಎರಡು ಬೆಣೆಯನ್ನು ಮೊದಲೇ ಮೊಳೆ ಹೊಡೆದು ಇಡಿ. ಮೊದಲ ದಿಮ್ಮಿ ಅಲ್ಲಿ ನಿಲ್ಲುತ್ತದೆ, ಆಮೇಲೆ ಹಾರೆಯಿಂದ ಆಚೆಗೆ ಸಾಗಿಸಿ. ಎರಡನೆಯದರಿಂದ ಮುಂದಕ್ಕೆ ಮೊದಲಿನ ದಿಮ್ಮಿಯೇ ತಡೆಯುತ್ತದೆ.

ಸಾಗರ ಸಾಮಿಲ್:

ಬೆಣೆ ಇಡುವುದಾದರೆ ಆಸರೆ ಕಂಬ ತೆಗೆಯಬೇಡಿ ಮಾರಾಯ್ರೇ, ಆಗ ದಿಮ್ಮಿ ಅಂಚಿನ ಹತ್ತಿರವೇ ನಿಂತಿರುತ್ತದೆ. ಮೊದಲ ಸಾಲು ಪೂರ್ತಿ ಕೂತ ಮೇಲೆ ತೆಗೆಯಿರಿ. ಎರಡನೇ ಸಾಲು ಹಾಕುವಾಗ ಬುಡ ಒಂದು ಸಲ ಮುಂದೆ, ಒಂದು ಸಲ ಹಿಂದೆ ಬರುವ ಹಾಗೆ ಜೋಡಿಸಿ, ಸಾಲು ಸಮ ಕೂರುತ್ತದೆ, ಟ್ರಾಲಿಯ ಒಂದೇ ತುದಿಗೆ ಭಾರ ಬೀಳುವುದಿಲ್ಲ.

ಕಳಸದ ತೋಟ:

ಸರಿ, ನಾಳೆ ಹಗ್ಗದ ಕ್ರಮ ಮಾಡಿ ನೋಡುತ್ತೇನೆ, ಹಗ್ಗ ಹಿಡಿಯಲು ಅಣ್ಣ ಬರುತ್ತಾನೆ. ನಾರಿನ ಹಗ್ಗ ಎಷ್ಟು ದಪ್ಪ ಬೇಕು ಸರ್? ಮನೆಯಲ್ಲಿ ದನ ಕಟ್ಟುವ ಹಗ್ಗ ಇದೆ.

ಪೀಣ್ಯ ಫಿಟ್ಟರ್:

ದನದ ಹಗ್ಗ ಬೇಡ. ಲಾರಿ ಲೋಡ್ ಕಟ್ಟುವ ಹಗ್ಗ ಕೇಳಿ, 20 ಎಂ.ಎಂ.ಗೆ ಕಡಿಮೆ ಬೇಡ. ದಪ್ಪ ಇದ್ದರೆ ಕೈಗೆ ಹಿಡಿತವೂ ಚೆನ್ನಾಗಿ ಸಿಗುತ್ತದೆ. ನೈಲಾನ್ ತಗೋಬೇಡಿ, ಅದು ಹಿಗ್ಗುತ್ತದೆ, ಕಿತ್ತುಬಂದರೆ ಚಾಟಿಯಂತೆ ಹೊಡೆಯುತ್ತದೆ. ಮರಕ್ಕೆ ಸುತ್ತುವ ಜಾಗದಲ್ಲಿ ಒಂದು ಗೋಣಿಚೀಲ ಕಟ್ಟಿ, ಹಗ್ಗವೂ ಉಳಿಯುತ್ತದೆ, ಮರದ ಸಿಪ್ಪೆಯೂ ಉಳಿಯುತ್ತದೆ.